ಆರನೆಯ ವರ್ಷದ ಹಲ್ಲು

“ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ” ಎಂಬುದು ಕನ್ನಡಿಗರ ಹಳೆಯ ಗಾದೆ. ಹಲ್ಲು ಬೀಳುವುದು ವಯೋಧರ್ಮ, ಅದಕ್ಕೆ ಉಪಾಯವಿಲ್ಲ ಎಂಬ ಭಾವನೆ ಜನಮನದಲ್ಲಿ ಬೇರೂರಿದೆ. ವೈದ್ಯಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಹಲ್ಲುಗಳು ಉದುರುವುದು ಬಹುಮಟ್ಟಿಗೆ ಹುಳುಕಿನಿಂದ ಮತ್ತು ವಸಡಿನ ರೋಗದಿಂದ. ಇವೆರಡನ್ನೂ ಬಹುಪಾಲು ತಡೆಯಬಹುದು.

ರೋಗ ಬಾರದಂತೆ ತಡೆಯುವ ತತ್ತ್ವವನ್ನೇ ಹೆಸರಿನಲ್ಲಿ ಹೊತ್ತ ಪ್ರಿವೆಂಟಿವ್ ಮೆಡಿಸಿನ್ ಸಂಸ್ಥೆಯು ಹೈದರಾಬಾದಿನ ನಾರಾಯಣಗೂಡದಲ್ಲಿಯೇ ಇದೆ. ಆದರೆ ಮಕ್ಕಳ ಲಸಿಕೆಯಲ್ಲಿ ತೋರುವ ಎಚ್ಚರವನ್ನು ಕನ್ನಡ ಕುಟುಂಬಗಳು ಮಕ್ಕಳ ಹಲ್ಲಿನ ವಿಷಯದಲ್ಲಿ ತೋರುವುದು ವಿರಳ. ಈ ಅಲಕ್ಷ್ಯಕ್ಕೆ ಮೊದಲು ಬಲಿಯಾಗುವುದು ಆರನೆಯ ವರ್ಷದ ದವಡೆ ಹಲ್ಲು.

ಹಾಲುಹಲ್ಲುಗಳು 20, ಶಾಶ್ವತ ದಂತಗಳು, ಬುದ್ಧಿಹಲ್ಲುಗಳೂ ಸೇರಿ, 32. ಹಾಲುಹಲ್ಲು ಬಿದ್ದಾಗ ಅದನ್ನು ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆಸೆಯುವ ರೂಢಿ ಹಳ್ಳಿಗಳಲ್ಲಿತ್ತು. ಆದುದರಿಂದ ಹೊಸ ಹಲ್ಲಿನ ಆಗಮನ ಮನೆಮಂದಿಗೆಲ್ಲ ತಿಳಿಯುತ್ತಿತ್ತು. ಆದರೆ ಸುಮಾರು ಆರನೆಯ ವರ್ಷದಲ್ಲಿ, ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ ನಾಲ್ಕು ಶಾಶ್ವತ ದವಡೆ ಹಲ್ಲುಗಳು ಸದ್ದಿಲ್ಲದೆ ಮೂಡುತ್ತವೆ. ಅವು ಹುಳುಕಾದರೆ “ಹೇಗೂ ಬೀಳುವ ಹಲ್ಲು, ಚಿಂತೆಯಿಲ್ಲ” ಎಂದು ಹಿರಿಯರು ಸುಮ್ಮನಾಗುತ್ತಾರೆ. ಆ ಹಲ್ಲು ಮತ್ತೆ ಹುಟ್ಟುವುದಿಲ್ಲ.

ಹಲ್ಲಿನ ಮೇಲಣ ಕವಚವು ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ವಸ್ತು. ಆದರೂ ಅದರಲ್ಲಿ ಜೀವಕೋಶಗಳಿಲ್ಲದಿರುವುದರಿಂದ, ಒಮ್ಮೆ ಕುಳಿ ಬಿದ್ದರೆ ತಾನಾಗಿ ತುಂಬಿಕೊಳ್ಳದು. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಕವಚವನ್ನು ಕರಗಿಸುತ್ತದೆ. ಆದುದರಿಂದ ಸಕ್ಕರೆಯ ಪ್ರಮಾಣದಷ್ಟೇ ಅದನ್ನು ಎಷ್ಟು ಸಲ ತಿನ್ನುತ್ತಾರೆಂಬುದೂ ಮುಖ್ಯ. ದಿನವಿಡೀ ಗುಟುಕು ಗುಟುಕಾಗಿ ಸಿಹಿಯಾದ ಇರಾನಿ ಚಹಾ, ಜೊತೆಗೆ ಬಿಸ್ಕತ್ತು ಸೇವಿಸುವವರ ಬಾಯಿಗೆ ಚೇತರಿಸಿಕೊಳ್ಳಲು ಬಿಡುವೇ ದೊರೆಯದು.

ಒಂದು ದವಡೆ ಹಲ್ಲು ಹೋದರೆ ಹಿಂದಿನದು ಮುಂದಕ್ಕೆ ವಾಲುತ್ತದೆ, ಎದುರಿನದು ಹೊರಚಾಚುತ್ತದೆ, ಅಗಿಯುವ ಶಕ್ತಿ ಕುಂದುತ್ತದೆ. ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದು ಇಲ್ಲಿ ನೆಲೆಸಿದವರಿಗೆ ಕಡಕ್ ರೊಟ್ಟಿಯೂ ಶೇಂಗಾವೂ ದೂರವಾದರೆ ಅದು ಸಣ್ಣ ನಷ್ಟವಲ್ಲ.

ಉಪಾಯಗಳು ಸರಳವಾಗಿವೆ. ಫ್ಲೋರೈಡ್‌ಯುಕ್ತ ಪೇಸ್ಟಿನಿಂದ ದಿನಕ್ಕೆರಡು ಬಾರಿ, ಅದರಲ್ಲಿಯೂ ರಾತ್ರಿ ಮಲಗುವ ಮುನ್ನ, ಹಲ್ಲುಜ್ಜಬೇಕು. ಇದ್ದಿಲು, ಇಟ್ಟಿಗೆಪುಡಿಗಳು ಕವಚವನ್ನು ಸವೆಸುತ್ತವೆ. ತಂಬಾಕು ವಸಡನ್ನು ಕೆಡಿಸುತ್ತದೆ. ಉಜ್ಜುವಾಗ ರಕ್ತ ಬಂದರೆ ಅದು ವಸಡಿನ ರೋಗದ ಸೂಚನೆ. ಮಧುಮೇಹಿಗಳಿಗೆ ಈ ರೋಗದ ಅಪಾಯ ಹೆಚ್ಚು. ಮಕ್ಕಳ ದವಡೆ ಹಲ್ಲುಗಳ ಆಳವಾದ ಗೀರುಗಳನ್ನು ದಂತವೈದ್ಯರು ತೆಳುವಾದ ಲೇಪದಿಂದ ಮುಚ್ಚಬಲ್ಲರು.

ನೋವು ಬಂದ ಮೇಲೆ ವೈದ್ಯರನ್ನು ಅರಸುವ ಪದ್ಧತಿ ಇನ್ನಾದರೂ ನಿಲ್ಲಬೇಕು. ಕನ್ನಡ ಸಂಘಗಳು ಪ್ರತಿ ರಾಜ್ಯೋತ್ಸವದಂದು ಆರು ತುಂಬಿದ ಮಕ್ಕಳಿಗೆ ದಂತ ತಪಾಸಣೆ ಏರ್ಪಡಿಸುವುದು ಉಚಿತ. ವೇದಿಕೆಯ ಮೇಲೆ ಹಾಡುವ ಆ ಮಕ್ಕಳು ಅಜ್ಜ-ಅಜ್ಜಿಯರಾದಾಗಲೂ ಕಡಲೆಯನ್ನು ಕಡಿದು ತಿನ್ನುವಂತಾದರೆ, ಹಳೆಯ ಗಾದೆ ಅವರ ಪಾಲಿಗಾದರೂ ಸುಳ್ಳಾದೀತು.