ಮಷೀನು ಕೊಟ್ಟರೆ ಸಾಲದು, ಕಟಿಂಗ್ ಕಲಿಸಿ

ಮಾಚೇನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ನನ್ನ ಕೆಲಸ ಪ್ಯಾಂಟಿನ ಸೊಂಟಕ್ಕೆ ಎಲಾಸ್ಟಿಕ್ ಕೂಡಿಸುವುದು. ಹಿಂದೆ ಕುಳಿತವಳು ಕಾಲು ಜೋಡಿಸಿ ಕಳಿಸುತ್ತಾಳೆ, ಮುಂದೆ ಕುಳಿತವಳು ಬಾಟಮ್ ಮಡಚುತ್ತಾಳೆ. ಜೇಬಿಗೆ ಒಬ್ಬರು, ಲೇಬಲ್ಲಿಗೆ ಒಬ್ಬರು, ದಾರದ ತುದಿ ಕತ್ತರಿಸಲು ಮತ್ತೊಬ್ಬರು. ಬಟ್ಟೆ ಕತ್ತರಿಸುವುದು ಬೇರೆಯೇ ಸೆಕ್ಷನ್. ಅಲ್ಲಿಂದ ಬಂಡಲ್ ಕಟ್ಟಿ ನಮ್ಮ ಲೈನಿಗೆ ಬರುತ್ತದೆ. ಟಾರ್ಗೆಟ್ ಮುಟ್ಟಿಸುವುದರಲ್ಲಿ ನಮ್ಮ ಕೈ ಪಳಗಿದೆ. ಆದರೆ ಅದೇ ಕೈಗೆ ಒಂದು ಮೀಟರ್ ಬಟ್ಟೆ, ಒಂದು ಕತ್ತರಿ ಕೊಟ್ಟು ‘ನಿನ್ನ ಮಗುವಿಗೊಂದು ಪ್ಯಾಂಟು ಹೊಲಿ’ ಎಂದರೆ ನಮ್ಮಲ್ಲಿ ಎಷ್ಟೋ ಜನ ಹಿಂಜರಿಯುತ್ತಾರೆ. ವರ್ಷಗಟ್ಟಲೆ ಮಷೀನಿನ ಮುಂದೆ ಕೂತವರ ಪಾಡೇ ಹೀಗಾದರೆ, ಸರ್ಕಾರದ ಯೋಜನೆಯಲ್ಲಿ ಹೊಲಿಗೆ ಯಂತ್ರ ಸಿಕ್ಕ ಮನೆಗಳಲ್ಲಿ ಅದು ಸೀರೆಗೆ ಫಾಲ್ಸ್ ಹಚ್ಚುವುದಕ್ಕೆ, ಹರಿದ ದಿಂಬಿನ ಕವರಿಗೆ ಮಾತ್ರ ಬಳಕೆಯಾಗುವುದರಲ್ಲಿ ಏನು ಆಶ್ಚರ್ಯ?

ಹಾಗಾಗಿ ನನ್ನ ಬೇಡಿಕೆ ಇಷ್ಟೆ: ಮಷೀನು ಹಂಚುವ ಪ್ರತಿ ಯೋಜನೆಯೂ ಮೊದಲು ಕಟಿಂಗ್ ಕಲಿಸಲಿ. ಆ ಕಲಿಕೆ ಮಕ್ಕಳ ಎಲಾಸ್ಟಿಕ್ ಪ್ಯಾಂಟಿನಿಂದ ಶುರುವಾಗಲಿ.

ಯಾಕೆ ಪ್ಯಾಂಟು ಎಂದರೆ, ಅದಕ್ಕೆ ಕಾಲರ್ ಇಲ್ಲ, ತೋಳಿಲ್ಲ, ಗುಂಡಿ ಇಲ್ಲ, ಜಿಪ್ ಬೇಡ. ಇರುವುದು ಎರಡೇ ತುಂಡು. ನವುಲೆಯ ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಅಕ್ಕ ಒಬ್ಬರಿದ್ದಾರೆ. ಗೃಹಲಕ್ಷ್ಮಿಯ ಎರಡೆರಡು ಸಾವಿರ ಕೂಡಿಟ್ಟು ನಾನು ಹಳೆಯ ಉಷಾ ಮಷೀನು ತಂದಾಗ ಕಟಿಂಗ್ ಹೇಳಿಕೊಟ್ಟವರು ಅವರೇ. ‘ಮೊದಲು ಪೇಪರ್ ಕತ್ತರಿಸಮ್ಮ, ಬಟ್ಟೆ ಆಮೇಲೆ’ ಎನ್ನುವುದು ಅವರ ಮೊದಲ ನಿಯಮ.

ಅವರು ಕಲಿಸಿದ ಕ್ರಮ ಹೀಗಿದೆ. ಕಾಟನ್ ಬಟ್ಟೆಯನ್ನು ರಾತ್ರಿ ನೀರಿಗೆ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಬೇಕು. ಕುಗ್ಗುವುದೇನಿದ್ದರೂ ಹೊಲಿಯುವ ಮುಂಚೆಯೇ ಕುಗ್ಗಿಬಿಡಲಿ. ಮಗುವಿಗೆ ಸರಿಯಾಗುವ ಹಳೆಯ ಪ್ಯಾಂಟನ್ನು ಕಾಲ ಮೇಲೆ ಕಾಲು ಬರುವಂತೆ ಮಡಚಿ, ಹಳೆಯ ಪೇಪರಿನ ಮೇಲಿಟ್ಟು, ಸೊಂಟದ ಎಲಾಸ್ಟಿಕ್ ಪೂರ್ತಿ ಎಳೆದು ಹಿಡಿದು ಸುತ್ತ ಗೆರೆ ಎಳೆಯುವುದು. ಹೊಲಿಗೆಗೆ ಅರ್ಧ ಇಂಚು, ಮೇಲೆ ಎಲಾಸ್ಟಿಕ್ ತೂರಿಸಲು ಒಂದೂವರೆ ಇಂಚು, ಕೆಳಗೆ ಮಡಿಕೆಗೆ ಮೂರು ಇಂಚು ಬಿಡುವುದು. ಹಿಂಭಾಗ ಮುಂಭಾಗಕ್ಕಿಂತ ಒಂದಿಂಚು ಎತ್ತರವಿರಬೇಕು. ಅಂಗನವಾಡಿ ಮಗು ಕುಕ್ಕರಗಾಲಲ್ಲಿ ಕೂತು ಆಡುವಾಗ ಸೊಂಟ ಜಾರದಿರುವುದು ಆ ಒಂದಿಂಚಿನಿಂದ. ಎರಡು ಕಾಲು ಕೂಡುವ ಕಡೆ ಎರಡು ಸಲ ಹೊಲಿಗೆ ಹಾಕಬೇಕು, ಮೊದಲು ಬಿಚ್ಚಿಕೊಳ್ಳುವುದೇ ಅಲ್ಲಿ. ಸೊಂಟ 20 ಇಂಚಾದರೆ ಎಲಾಸ್ಟಿಕ್ 18 ಇಂಚು ಸಾಕು. ನಾಲ್ಕು ವರ್ಷದ ನನ್ನ ಮಗಳಿಗೆ, 44 ಇಂಚು ಪನ್ನದ ಒಂದು ಮೀಟರ್ ಬಟ್ಟೆಯಲ್ಲಿ ಒಂದು ಉದ್ದ ಪ್ಯಾಂಟು, ಮಿಕ್ಕ ತುಂಡಿನಲ್ಲಿ ಒಂದು ಗಿಡ್ಡ ಚಡ್ಡಿ ಆಗುತ್ತದೆ.

ರೆಡಿಮೇಡ್ ಅಷ್ಟು ಅಗ್ಗಕ್ಕೆ ಸಿಗುವಾಗ ಈ ಕಷ್ಟ ಯಾಕೆ ಎಂದು ಕೇಳುವವರಿದ್ದಾರೆ. ಆ ರೆಡಿಮೇಡ್ ಮಾಡುವವಳಾಗಿ ಉತ್ತರಿಸುತ್ತೇನೆ. ಫ್ಯಾಕ್ಟರಿಗೆ ಬಟ್ಟೆಯೇ ದೊಡ್ಡ ಖರ್ಚು. ಆದ್ದರಿಂದ ಒಳಗೆ ಬಿಡುವ ಅಂಚು ಆದಷ್ಟು ಸಣ್ಣದು, ಕೆಳಗಿನ ಮಡಿಕೆಯೂ ಸಣ್ಣದು. ಮಗು ಎರಡಿಂಚು ಬೆಳೆದರೆ ಬಿಚ್ಚಿ ಇಳಿಸಲು ಅದರಲ್ಲಿ ಏನೂ ಇರುವುದಿಲ್ಲ. ಮನೆಯಲ್ಲಿ ಹೊಲಿದ ಪ್ಯಾಂಟನ್ನು ಮರುವರ್ಷ ಮಡಿಕೆ ಬಿಚ್ಚಿ ಇಳಿಸಬಹುದು, ಎಲಾಸ್ಟಿಕ್ ಬದಲಿಸಬಹುದು, ಆಮೇಲೆ ಮೊಣಕಾಲಿಗೆ ಕತ್ತರಿಸಿ ಚಡ್ಡಿ ಮಾಡಬಹುದು. ನಮ್ಮ ಮಳೆಗಾಲದಲ್ಲಿ ಚಿಕ್ಕ ಮಕ್ಕಳಿಗೆ ದಿನಕ್ಕೆ ಮೂರು ಜೊತೆಯೂ ಸಾಲದು. ಅಪ್ಪನ ಹಳೆಯ ಪಂಚೆ, ಅಜ್ಜಿಯ ಕಾಟನ್ ಸೀರೆ ಆಗ ಒದಗಿ ಬರುತ್ತವೆ.

ಇದು ಬರೀ ಉಳಿತಾಯದ ಮಾತಲ್ಲ. ಗಾರ್ಮೆಂಟ್ಸ್‌ನಲ್ಲಿ ಕತ್ತರಿ ಹಿಡಿದವರಲ್ಲಿ ಹೆಚ್ಚಿನವರು ಗಂಡಸರು, ಹೊಲಿಗೆ ಲೈನಿನಲ್ಲಿ ಕೂತವರಲ್ಲಿ ಹೆಚ್ಚಿನವರು ನಾವು. ಪೇಟೆಯ ಟೈಲರ್ ಅಂಗಡಿಯಲ್ಲೂ ಮಾಸ್ಟರ್ ಎನಿಸಿಕೊಳ್ಳುವುದು ಕಟಿಂಗ್ ಬಲ್ಲವನೇ. ಅಳತೆ ತೆಗೆಯುವವನೂ ದರ ಹೇಳುವವನೂ ಅವನೇ. ಹೊಲಿಯುವುದಷ್ಟೇ ಕಲಿತವರು ಯಾವತ್ತೂ ಇನ್ನೊಬ್ಬರು ಕತ್ತರಿಸಿಕೊಟ್ಟಿದ್ದಕ್ಕೆ ಕಾಯಬೇಕು. ನಮ್ಮದೇ ಜಿಲ್ಲೆಯ ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ‘ಚರಕ’ ಸಂಸ್ಥೆಯ ಹೆಣ್ಣುಮಕ್ಕಳು ನೂಲಿಗೆ ಅಡಿಕೆ ಚೊಗರಿನ ಬಣ್ಣ ಕಟ್ಟುವುದರಿಂದ ಹಿಡಿದು ನೇಯ್ಗೆ, ಹೊಲಿಗೆವರೆಗೆ ತಾವೇ ಮಾಡಿ ತೋರಿಸಿದ್ದಾರೆ. ಪೂರ್ತಿ ಕಸುಬು ಹೆಂಗಸರ ಕೈಯಲ್ಲಿ ಉಳಿಯಬಲ್ಲದು ಎನ್ನುವುದಕ್ಕೆ ಬೇರೆ ಸಾಕ್ಷಿ ಹುಡುಕಬೇಕಿಲ್ಲ.

2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳೂ ಸೇರಿದ್ದಾರೆ. ತರಬೇತಿ ಇದೆ, ದಿನಕ್ಕೆ 500 ರೂಪಾಯಿ ಭತ್ಯೆ ಇದೆ, ಉಪಕರಣಕ್ಕೆ 15,000 ರೂಪಾಯಿ ಇದೆ. ಒಳ್ಳೆಯದೇ. ಆದರೆ ಅದು ಈಗಾಗಲೇ ಸ್ವಂತವಾಗಿ ಕಸುಬು ನಡೆಸುತ್ತಿರುವವರಿಗೆ. ನಮ್ಮಂಥವರು, ಮನೆಯಲ್ಲಿರುವ ತಾಯಂದಿರು, ಕಲಿಯಲು ಎಲ್ಲಿಗೆ ಹೋಗಬೇಕು? ಕಲಿತರೆ ಕೆಲಸಕ್ಕೂ ದಾರಿಯಿದೆ. ಸರ್ಕಾರಿ ಶಾಲೆ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರದ ಬಟ್ಟೆ ಉಚಿತವಾಗಿ ಬರುತ್ತದೆ, ಹೊಲಿಸುವ ಕೂಲಿ ಮಾತ್ರ ಅಪ್ಪ ಅಮ್ಮನ ತಲೆಗೆ. ಪಕ್ಕದ ತೆಲಂಗಾಣ 2024ರಲ್ಲಿ ಸಮವಸ್ತ್ರ ಹೊಲಿಯುವ ಕೆಲಸವನ್ನು ಮಹಿಳಾ ಸಂಘಗಳಿಗೇ ವಹಿಸಿತು. ಕಟಿಂಗ್ ಬಲ್ಲವರು ಊರೂರಲ್ಲಿದ್ದರೆ ನಮ್ಮ ಸಂಘಗಳೂ ಆ ಕೆಲಸ ಕೇಳಿ ಪಡೆಯಬಹುದು.

ಇದಕ್ಕೆ ದೊಡ್ಡ ಕಟ್ಟಡ ಬೇಡ. ಪ್ರತಿ ವಾರ್ಡಿನ ಸಮುದಾಯ ಭವನದಲ್ಲಿ, ನಮ್ಮಂಥವರಿಗೆ ರಜೆ ಇರುವ ಭಾನುವಾರ, ನಾಲ್ಕು ಮಷೀನು, ಒಂದು ಉದ್ದ ಮೇಜು, ಕಟಿಂಗ್ ಬಲ್ಲ ಒಬ್ಬರಿಗೆ ಗೌರವಧನ ಇದ್ದರೆ ಸಾಕು. ನಮ್ಮ ಬೀದಿಯ ಅಕ್ಕನಂಥವರು ಎಲ್ಲ ಬಡಾವಣೆಯಲ್ಲೂ ಇದ್ದಾರೆ. ಶಾಲೆಗಳಲ್ಲಿ ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಇದೆಯಲ್ಲ, ದೊಡ್ಡ ತರಗತಿಯ ಹುಡುಗರಿಗೂ ಹುಡುಗಿಯರಿಗೂ ಅವತ್ತು ಟೇಪು, ಕತ್ತರಿ ಕೊಟ್ಟು ಕಲಿಸಲಿ. ತಂದೆಯಂದಿರೂ ಭಾನುವಾರದ ಮೇಜಿಗೆ ಬರಲಿ. ಮಷೀನು ವಿತರಣೆಯ ಸಮಾರಂಭವನ್ನು ತಿಂಗಳು ತಡವಾಗಿ ಮಾಡಿದರೂ ಚಿಂತೆಯಿಲ್ಲ. ವೇದಿಕೆ ಹತ್ತುವ ಪ್ರತಿಯೊಬ್ಬರೂ ತಾವೇ ಅಳತೆ ತೆಗೆದು, ತಾವೇ ಕತ್ತರಿಸಿ ಹೊಲಿದ ಒಂದು ಮಕ್ಕಳ ಪ್ಯಾಂಟು ತೋರಿಸಿ ಮಷೀನು ಪಡೆಯುವಂತಾಗಲಿ.