ತುಂಡು ಎಣಿಸದ ಊಟ

ಮನೆಯಲ್ಲಿ ಎಂಟು ಮಂದಿ, ತಂದದ್ದು ಅರ್ಧ ಕೆಜಿ ಮಟನ್. ಸಾರು ಮಾಡಿದರೆ ಯಾರ ತಟ್ಟೆಗೆ ಎಷ್ಟು ತುಂಡು ಬಿತ್ತು ಎಂಬ ಲೆಕ್ಕ ಶುರುವಾಗುತ್ತದೆ. ಮಕ್ಕಳೇ, ಈ ವಾರ ಆ ಲೆಕ್ಕವೇ ಬೇಡದ ಒಂದು ಅಡುಗೆ ಹೇಳುತ್ತೇನೆ. ನಮ್ಮ ಮನೆಯಲ್ಲಿ ಇದಕ್ಕೆ ‘ಬಾಂಡ್ಲಿ ಅನ್ನ’ ಎನ್ನುತ್ತೇವೆ. ಕೈಮಾ, ಅಕ್ಕಿ ಎರಡೂ ಒಂದೇ ಬಾಂಡ್ಲಿಯಲ್ಲಿ ಬೇಯುತ್ತವೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದರೆ ಹೊಳೆ ದಂಡೆ, ಕೆರೆ ಕೆಳಗಿನ ಜಮೀನು ಬಿಟ್ಟು ಉಳಿದದ್ದೆಲ್ಲ ಹೆಚ್ಚಾಗಿ ಮಳೆ ನಂಬಿದ ಹೊಲ. ಜೋಳ, ರಾಗಿ, ನವಣೆ, ಶೇಂಗಾ ಇಲ್ಲಿನ ಬೆಳೆ. ನಾನು ಚಿಕ್ಕವಳಿದ್ದಾಗ ದಿನದ ಊಟಕ್ಕೆ ರೊಟ್ಟಿ, ಮುದ್ದೆ. ಅಕ್ಕಿಯ ಅನ್ನ ಹಬ್ಬಕ್ಕೆ, ಇಲ್ಲವೇ ಬೀಗರು ಬಂದಾಗ. 1953ರಲ್ಲಿ ತುಂಗಭದ್ರಾ ಕಾಲುವೆಗಳಿಗೆ ನೀರು ಬಿಟ್ಟ ಮೇಲೆ ಗಂಗಾವತಿ, ಸಿರುಗುಪ್ಪದ ಕಡೆ ಭತ್ತದ ಗದ್ದೆಗಳು ಹಬ್ಬಿದವು. ನಿಧಾನಕ್ಕೆ ಅಕ್ಕಿ ನಮ್ಮ ಸಂತೆಗೂ ಬಂತು. 2013ರಿಂದ ಅನ್ನಭಾಗ್ಯದ ಅಕ್ಕಿಯೂ ಸೇರಿ ಈಗ ಅನ್ನ ದಿನದ ಊಟವೇ ಆಗಿದೆ.

ಕುರಿ ಮಾತ್ರ ಹಿಂದಿನಿಂದಲೂ ನಮ್ಮ ನೆಲದ್ದು. ಬಳ್ಳಾರಿ ಹೆಸರಿನ ಕುರಿ ತಳಿಯೇ ಇದೆ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ತರುಬಿದರೆ ಹೊಲಕ್ಕೆ ಗೊಬ್ಬರ, ಕುರಿಗಾರರಿಗೆ ಕಾಳು ಇಲ್ಲವೇ ದುಡ್ಡು. ಆದರೆ ಕುರಿ ಕಣ್ಣೆದುರೇ ಓಡಾಡುತ್ತಿದ್ದರೂ ಮಾಂಸ ತಟ್ಟೆಗೆ ಬರುತ್ತಿದ್ದುದು ಅಪರೂಪಕ್ಕೆ.

ಬಂದ ದಿನ ಬಡಿಸುವುದಕ್ಕೂ ಒಂದು ಸಾಲು ಇತ್ತು. ಮೊದಲು ಬೀಗರು, ಆಮೇಲೆ ಮನೆಯ ಗಂಡಸರು, ಆಮೇಲೆ ಮಕ್ಕಳು. ಒಲೆ ಮುಂದೆ ಹೊಗೆ ಕುಡಿದ ಅವ್ವ, ದೊಡ್ಡವ್ವ ಕೂರುತ್ತಿದ್ದುದು ಕೊನೆಗೆ. ಅಷ್ಟು ಹೊತ್ತಿಗೆ ಗಡಿಗೆಯ ತಳದಲ್ಲಿ ಸಾರು ಇರುತ್ತಿತ್ತು, ತುಂಡು ಇರುತ್ತಿರಲಿಲ್ಲ. ‘ನನಗೆ ಸಾರು ಸಾಕು’ ಎಂದು ಅವ್ವ ಅದರಲ್ಲೇ ಮುದ್ದೆ ಅದ್ದುತ್ತಿದ್ದಳು. ಹಲ್ಲಿಲ್ಲದ ಅಜ್ಜನದು ಇನ್ನೊಂದು ಪಾಡು. ತಟ್ಟೆಗೆ ತುಂಡು ಬಿದ್ದರೂ ಅಗಿಯಲು ಆಗುತ್ತಿರಲಿಲ್ಲ. ಚೀಪಿ ಬದಿಗಿಡುತ್ತಿದ್ದ. ಮುಂದಿನ ಹಾಲುಹಲ್ಲು ಬಿದ್ದ ನನ್ನ ತಮ್ಮನದೂ ಅದೇ ಕತೆ.

ಕೈಮಾ ಅನ್ನ ಈ ಎರಡಕ್ಕೂ ಉತ್ತರ. ತುರ್ಕಿ ಭಾಷೆಯಿಂದ ಪರ್ಷಿಯನ್, ಉರ್ದು ದಾಟಿ ನಮಗೆ ಬಂದ ಮಾತು ಕೈಮಾ. ಸಣ್ಣಗೆ ಕೊಚ್ಚಿದ್ದು ಎಂದು ಅರ್ಥ. ಕೊಚ್ಚಿದ ಮಾಂಸ ಅಕ್ಕಿಯ ಜೊತೆ ಬೆರೆತರೆ ಮೊದಲ ಸೌಟಿಗೂ ಕೊನೆಯ ಸೌಟಿಗೂ ವ್ಯತ್ಯಾಸ ಇರುವುದಿಲ್ಲ. ಹಲ್ಲು ಬಿದ್ದವರೂ ಹಲ್ಲು ಬಾರದವರೂ ಸುಲಭವಾಗಿ ತಿನ್ನಬಹುದು.

ಎಂಟು ಮಂದಿಗೆ ಅರ್ಧ ಕೆಜಿ ಕೈಮಾ, ನಾಲ್ಕು ಲೋಟ ಸೋನಾ ಮಸೂರಿ ಅಕ್ಕಿ ಸಾಕು. ಅಕ್ಕಿಯನ್ನು ತೊಳೆದು 20 ನಿಮಿಷ ನೆನೆಸಿ, ಬಸಿದಿಡಿ. ದೊಡ್ಡ ದಪ್ಪ ತಳದ ಬಾಂಡ್ಲಿಯಲ್ಲಿ ನಾಲ್ಕು ದೊಡ್ಡ ಚಮಚ ಶೇಂಗಾ ಎಣ್ಣೆ ಕಾಯಿಸಿ, ಒಂದು ತುಂಡು ಚಕ್ಕೆ, ನಾಲ್ಕು ಲವಂಗ, ಎರಡು ಏಲಕ್ಕಿ ಹಾಕಿ. ಮೂರು ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಕೆಂಪಗಾಗುವವರೆಗೆ ಹುರಿಯಿರಿ. ಎರಡು ದೊಡ್ಡ ಚಮಚ ಅರೆದ ಶುಂಠಿ-ಬೆಳ್ಳುಳ್ಳಿ, ಸೀಳಿದ ನಾಲ್ಕು ಹಸಿಮೆಣಸಿನಕಾಯಿ, ಚಿಟಿಕೆ ಅರಿಶಿನ ಸೇರಿಸಿ.

ಈಗ ಕೈಮಾ. ಇಲ್ಲಿ ಅವಸರ ಬೇಡ. ಗಂಟಾಗದಂತೆ ಸೌಟಿನಿಂದ ಬಿಡಿಸುತ್ತಾ, ಅದು ಬಿಟ್ಟ ನೀರು ಪೂರ್ತಿ ಇಂಗಿ ಎಣ್ಣೆ ಕಾಣುವವರೆಗೆ ಹುರಿಯಬೇಕು. ನೀರು ಇಂಗುವ ಮೊದಲೇ ಅಕ್ಕಿ ಹಾಕಿದರೆ ಹಸಿ ವಾಸನೆ ಉಳಿಯುತ್ತದೆ, ಅನ್ನವೂ ಮುದ್ದೆಯಾಗುತ್ತದೆ. ಆಮೇಲೆ ಎರಡು ಟೊಮೆಟೊ, ಒಂದು ಚಮಚ ಖಾರದ ಪುಡಿ, ಎರಡು ಚಮಚ ಧನಿಯಾ ಪುಡಿ, ಉಪ್ಪು, ಒಂದು ಹಿಡಿ ಪುದೀನ-ಕೊತ್ತಂಬರಿ. ಒಂದು ಲೋಟ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 15-20 ನಿಮಿಷ ಬೇಯಿಸಿ. ಕೈಮಾ ಮೆತ್ತಗಾದ ಮೇಲೆ ಅಕ್ಕಿ ಹಾಕಿ ಒಮ್ಮೆ ಕೈಯಾಡಿಸಿ.

ನೀರಿನ ಅಳತೆ ಒಂದಕ್ಕೆ ಎರಡು. ನಾಲ್ಕು ಲೋಟ ಅಕ್ಕಿಗೆ ಎಂಟು ಲೋಟ ಬೇಕು. ಆದರೆ ಬಾಂಡ್ಲಿಯಲ್ಲಿ ಆಗಲೇ ಕೈಮಾದ ರಸ ಇರುವುದರಿಂದ ಏಳೂವರೆ ಲೋಟ ಬಿಸಿನೀರು ಸಾಕು. ಹಳೆ ಅಕ್ಕಿಯಾದರೆ ಎಂಟೇ ಇರಲಿ, ಅದು ನೀರು ಜಾಸ್ತಿ ಕುಡಿಯುತ್ತದೆ. ಕುದಿ ಬಂದ ಕೂಡಲೇ ಉರಿ ಸಣ್ಣಗೆ ಮಾಡಿ, ಬಿಗಿಯಾಗಿ ಮುಚ್ಚಿ 15 ನಿಮಿಷ ಬಿಡಿ. ಒಲೆ ಆರಿಸಿ ಇನ್ನೂ 10 ನಿಮಿಷ ಮುಚ್ಚಳ ತೆಗೆಯಬೇಡಿ. ಆ ಹಬೆಯಲ್ಲೇ ಅಗುಳು ಬಿಡಿಬಿಡಿಯಾಗುವುದು. ನಿಂಬೆ ಹಿಂಡಿ, ಮೊಸರಿನಲ್ಲಿ ಕಲಸಿದ ಉಳ್ಳಾಗಡ್ಡಿ ಜೊತೆ ಬಡಿಸಿ.

ಬೆಳ್ಳುಳ್ಳಿ ಸುಲಿಯುವುದು, ಪುದೀನ ಬಿಡಿಸುವುದು, ಲೋಟದಲ್ಲಿ ಅಕ್ಕಿ ಅಳೆಯುವುದು ಮಕ್ಕಳ ಕೆಲಸ. ಬಿಸಿನೀರು, ಒಲೆ ದೊಡ್ಡವರಿಗೆ ಬಿಡಿ. ಮಾಂಸ ತಿನ್ನದ ಮನೆಯವರು ಕೈಮಾ ಬದಲು ಮೊಳಕೆ ಬರಿಸಿದ ಮಡಿಕೆ ಕಾಳು ಹಾಕಿ, ಹುರಿದ ಶೇಂಗಾ ಮೇಲೆ ಉದುರಿಸಬಹುದು. ಉಳಿದ ಅನ್ನವನ್ನು ರಾತ್ರಿಯಿಡೀ ಹೊರಗೆ ಇಡಬೇಡಿ. ಮಾಂಸ ಬೆರೆತ ಅನ್ನ ತಂಗಳು ಮಾಡಿ ತಿನ್ನುವಂಥದಲ್ಲ. ಫ್ರಿಜ್ ಇಲ್ಲದಿದ್ದರೆ ಆ ಹೊತ್ತಿಗೆ ಬೇಕಾದಷ್ಟೇ ಮಾಡಿ.

ನಮ್ಮ ಮನೆಯಲ್ಲಿ ಈಗ ಒಂದು ಪದ್ಧತಿ ಇದೆ. ಮುಚ್ಚಳ ತೆಗೆಯುವ ಮೊದಲು ಮೊಮ್ಮಗಳು ತಟ್ಟೆ ಜೋಡಿಸುತ್ತಾಳೆ, ಮನೆಯಲ್ಲಿ ಎಷ್ಟು ಮಂದಿಯೋ ಅಷ್ಟು ತಟ್ಟೆ. ಅಡುಗೆ ಮಾಡಿದವರ ತಟ್ಟೆಯೂ ಅದರಲ್ಲಿ ಇರಬೇಕು. ಎಲ್ಲರೂ ಕೂತ ಮೇಲೆಯೇ ಮೊದಲ ತುತ್ತು. ‘ನೀವು ತಿನ್ನಿ, ನನಗೆ ಆಮೇಲೆ’ ಎಂದರೆ ಆಕೆ ಒಪ್ಪುವುದಿಲ್ಲ, ಕೈ ಹಿಡಿದು ಎಳೆದು ಕೂರಿಸುತ್ತಾಳೆ.

ಮಕ್ಕಳೇ, ಈ ಭಾನುವಾರ ನಿಮ್ಮ ಮನೆಯಲ್ಲೂ ತಟ್ಟೆ ಎಣಿಸುವ ಕೆಲಸ ನೀವೇ ತೆಗೆದುಕೊಳ್ಳಿ.