ಹೂವಿಗಾಗಿ ಇನ್ನೊಂದು ಬೋರ್ ಬೇಡ, ಮೊದಲು ನಿಮ್ಮ ಬೇಲಿ ನೋಡಿ

ಹೋದ ವಾರ ಬಂಗಾರಪೇಟೆ ಹತ್ತಿರದ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಕಳಿಸಿದ್ದ. ಅಮೆರಿಕದ ಅರಿಜೋನಾ ಕಡೆಯ ಮನೆ. ಸುತ್ತ ಜಲ್ಲಿಕಲ್ಲು, ಕಳ್ಳಿ, ಒಣ ಮಣ್ಣು. ನಡುವೆ ಕೆಂಪು, ಹಳದಿ, ನೇರಳೆ ಹೂ ತುಂಬಿಕೊಂಡ ಪೊದೆಗಳು. ಕೆಳಗೆ ಅವನ ಪ್ರಶ್ನೆ: "ಅಣ್ಣಾ, ಈ ಬೀಜ ಎಲ್ಲಿ ಸಿಗುತ್ತೆ? ಅರ್ಧ ಎಕರೆ ಹಾಕ್ತೀನಿ. ನೀರಿಗೆ ಬೋರ್ ಲಾರಿಯವರಿಗೆ ಅಡ್ವಾನ್ಸ್ ಕೊಟ್ಟಿದ್ದೀನಿ."

ನೀರು ಕೇಳದ ಗಿಡ ಅಂತ ಇಷ್ಟಪಟ್ಟು, ಅದಕ್ಕೇ ಬೋರ್ ಕೊರೆಸೋದು! ನಗು ಬಂತು. ಆದರೆ ಜೋರಾಗಿ ನಗೋ ಯೋಗ್ಯತೆ ನನಗಿಲ್ಲ, ಯಾಕಂದ್ರೆ ನಾನೂ ಅದನ್ನೇ ಮಾಡಿದವನು. ತೋಟಗಾರಿಕೆ ಓದಿ, ಕೆಲಸ ಬಿಟ್ಟು ಊರಿಗೆ ಬಂದ ಎರಡನೇ ವರ್ಷ ಗುಲಾಬಿ ಹಾಕಿದ್ದೆ. ಡ್ರಿಪ್, ಮಲ್ಚಿಂಗ್ ಶೀಟ್, ಎಲ್ಲ ಪುಸ್ತಕದ ಪ್ರಕಾರ. ಏಪ್ರಿಲ್‌ನಲ್ಲಿ ಬೋರ್ ನಿಂತಿತು. ಸಾಲ ಮಾಡಿ ಇನ್ನೊಂದು ಕೊರೆಸಿದೆ, 1,200 ಅಡಿಗೂ ಬರೀ ಧೂಳು. ಗುಲಾಬಿ ಗಿಡ ಸೌದೆಯಾಯ್ತು. ಆ ಬೇಸಿಗೆಯಲ್ಲಿ ನಮ್ಮಮ್ಮ ಬೇಲಿಯ ಕಣಗಿಲೆ ಮೊಗ್ಗು ಕಿತ್ತು, ಕಟ್ಟಿ, ಊರ ದೇವಸ್ಥಾನದ ಹತ್ತಿರ ಮಾರ್ತಿದ್ರು. ಪದವಿ ಓದಿದ ಮಗ ಮನೆಯಲ್ಲಿರುವಾಗ ಅಮ್ಮ ಬೇಲಿ ಹೂ ಮಾರೋದು ನನಗೆ ಅವಮಾನ ಅನ್ನಿಸಿತ್ತು. ಆ ಸಾಲದ ಬಡ್ಡಿಯ ಎರಡು ಕಂತು ಆ ಹೂವಿನ ದುಡ್ಡಲ್ಲೇ ಕಟ್ಟಿದ್ದು ಅಂತ ಆಮೇಲೆ ಗೊತ್ತಾಯ್ತು.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಕೋಲಾರ ಜಿಲ್ಲೆಯಲ್ಲಿ ಹೂ ಬೆಳೆಯೋಕೆ ಅಂತ ಹೊಸ ಬೋರ್ ಕೊರೆಸೋದು ತಪ್ಪು. ಇಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಅಂತರ್ಜಲದ ಸರ್ಕಾರಿ ಲೆಕ್ಕದಲ್ಲಿ ನಮ್ಮ ಜಿಲ್ಲೆ ಅತಿಬಳಕೆಯ ಪಟ್ಟಿಯಲ್ಲಿದೆ. ಇರೋ ನೀರಲ್ಲಿ ಬದುಕುವ, ಒಮ್ಮೆ ನೆಟ್ಟರೆ ವರ್ಷಗಟ್ಟಲೆ ನಿಲ್ಲುವ ಹೂಗಿಡ ನಮ್ಮಲ್ಲೇ ಇದೆ. ಅದಕ್ಕೆ ಅರಿಜೋನಾ ತನಕ ಹೋಗಬೇಕಿಲ್ಲ.

ಇನ್ನೊಂದು ವಿಷಯ, ನಮ್ಮದು ಮರುಭೂಮಿ ಅಲ್ಲ. ಅರಿಜೋನಾದ ಫೀನಿಕ್ಸ್ ನಗರಕ್ಕೆ ವರ್ಷದ ಸರಾಸರಿ ಮಳೆ 200 ಮಿ.ಮೀ. ಕೂಡ ಇಲ್ಲ. ನಮಗೆ 700 ಮಿ.ಮೀ. ಆಸುಪಾಸು ಬೀಳುತ್ತೆ. ಫೋನ್‌ನಲ್ಲೇ ಲೆಕ್ಕ ಹಾಕಿ ನೋಡಿ. 10 ಗುಂಟೆ ಅಂದ್ರೆ ಸುಮಾರು 1,000 ಚದರ ಮೀಟರ್. ಅದರ ಮೇಲೆ 700 ಮಿ.ಮೀ. ಮಳೆ ಅಂದ್ರೆ 7 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್ ಆದರೆ 140 ಟ್ಯಾಂಕರ್! ಅರ್ಧ ಹರಿದು ಹೋದರೂ 70 ಟ್ಯಾಂಕರ್ ನಿಮ್ಮ ಹೊಲಕ್ಕೆ ಪುಕ್ಕಟೆ ಬಂದಿರುತ್ತೆ. ತೊಂದರೆ ಏನಂದ್ರೆ ಇದರ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರ್‌ನಲ್ಲೇ ಬಂದು ಹೋಗುತ್ತೆ, ಆಮೇಲೆ ಮೇ ತಿಂಗಳ ತನಕ ಬಾಯಿ ಬಾಯಿ ಬಿಡಬೇಕು. ಆ ಒಣ ತಿಂಗಳು ದಾಟುವ ಬೇರು ಇರೋ ಗಿಡ ನಮಗೆ ಬೇಕು.

ನನ್ನ ಪಟ್ಟಿಯಲ್ಲಿ ಮೊದಲನೇದು ಕಣಗಿಲೆ. ಕೆಜಿಎಫ್‌ನ ತಮಿಳು ಮನೆಗಳಲ್ಲಿ ಅರಳಿ ಅಂತಾರೆ. ಕೆಂಪು, ಗುಲಾಬಿ, ಬಿಳಿ ಬಣ್ಣಗಳಿವೆ. ಬಿಸಿಲು ಹೆಚ್ಚಾದಷ್ಟೂ ಖುಷಿ, ಕಡ್ಡಿ ನೆಟ್ಟರೆ ಬರುತ್ತೆ, ಕುರಿ ಮೇಕೆ ಬಾಯಿ ಹಾಕಲ್ಲ. ತಮಿಳುನಾಡಿನ ಸೇಲಂ ಕಡೆ ಇದನ್ನು ಎಕರೆಗಟ್ಟಲೆ ಬೆಳೀತಾರೆ, ನಾವು ಇನ್ನೂ ಬೇಲಿ ಗಿಡ ಅಂತಲೇ ನೋಡ್ತೀವಿ. ಎರಡನೇದು ಕಾಕಡ. ಮಲ್ಲಿಗೆಯ ಘಮ ಇದಕ್ಕಿಲ್ಲ, ಒಪ್ಪಿಕೊಳ್ತೀನಿ. ಆದರೆ ಚಳಿಗಾಲದಲ್ಲಿ ಮಲ್ಲಿಗೆ ಕಡಿಮೆಯಾದಾಗ ಹೂ ಕಟ್ಟೋರಿಗೆ ಬಿಳಿ ಹೂ ಬೇಕಲ್ವಾ? ಆಗ ಇದೇ ಗತಿ.

ಕನಕಾಂಬರವನ್ನು ಹಲವರು ಬರಕ್ಕೆ ಬಗ್ಗದ ಗಿಡ ಅಂತ ಮಾರ್ತಾರೆ. ಅದು ಪೂರ್ತಿ ನಿಜ ಅಲ್ಲ. ನೀರು ಕಡಿಮೆ ಸಾಕು, ಆದರೆ ಬೇಕೇ ಬೇಕು. ಮರದ ಅರೆನೆರಳಲ್ಲೂ ಬರುತ್ತೆ ಅನ್ನೋದು ಇದರ ದೊಡ್ಡ ಗುಣ. ಜಂತುಹುಳು ಬೇರಿಗೆ ಬಿದ್ದರೆ ಸಾಲು ಸಾಲೇ ಸೊರಗುತ್ತೆ, ಅದಕ್ಕೆ ನೆಡುವಾಗಲೇ ಬೇವಿನ ಹಿಂಡಿ ಹಾಕಿ, ನಡುವೆ ಚೆಂಡು ಹೂ ನೆಡಿ. ಹೂ ಎಷ್ಟು ಹಗುರ ಅಂದ್ರೆ ಕೆಜಿಗೆ ಸುಮಾರು 15,000 ಬೇಕು. ಬಿಡಿಸೋಕೆ ಮನೆಯಲ್ಲಿ ಕೈಗಳಿಲ್ಲದಿದ್ದರೆ ಕನಕಾಂಬರದ ಆಸೆ ಬಿಡಿ. ಕೂಲಿ ಕೊಟ್ಟು ಗೆಲ್ಲೋಕಾಗಲ್ಲ.

ಇನ್ನು ಬದುವಿಗೆ ತಂಗಡಿ, ಅಂದ್ರೆ ಆವರಿಕೆ. ಬಂಗಾರದ ಬಣ್ಣದ ಹೂ. ಕಲ್ಲುಭೂಮಿಯಲ್ಲಿ ತಾನಾಗೇ ಹುಟ್ಟುತ್ತೆ ಅಂತ ನಮಗೆ ತಾತ್ಸಾರ. ಪಕ್ಕದ ತೆಲಂಗಾಣ ಅದನ್ನೇ ರಾಜ್ಯದ ಹೂ ಮಾಡಿಕೊಂಡಿದೆ. ಕೆಜಿಎಫ್‌ನಲ್ಲಿ ಪೊಂಗಲ್ ಹಿಂದಿನ ದಿನ ಬೇವಿನ ಜೊತೆ ಬಾಗಿಲಿಗೆ ಸಿಕ್ಕಿಸೋಕೆ ಜನ ಇದನ್ನು ದುಡ್ಡು ಕೊಟ್ಟು ತಗೋತಾರೆ. ಗೋರಂಟೆ, ನಿತ್ಯಪುಷ್ಪ, ಕಾಗದದ ಹೂ ಮನೆ ಮುಂದಿನ ಚಂದಕ್ಕೆ. ಲಂಟಾನ ಮಾತ್ರ ಬೇಡ. ಅದೂ ಚಂದದ ಹೂ ಅಂತ ಹೊರದೇಶದಿಂದ ತಂದದ್ದೇ, ಈಗ ಕಾಡು ಗೋಮಾಳ ಎಲ್ಲ ಅದೇ ತುಂಬಿದೆ. ಆ ಹುಡುಗ ಕೇಳಿದ ಹೊರಗಿನ ಬೀಜಗಳ ಬಗ್ಗೆಯೂ ನನಗೆ ಇದೇ ಭಯ.

ಈಗ ಎಲ್ಲರೂ ಎಡವುವ ಜಾಗ. ಬರ ತಡೆಯುವ ಗಿಡ ಮೊದಲ ವರ್ಷ ಬರ ತಡೆಯಲ್ಲ! ಬೇರು ಇಳಿಯೋ ತನಕ ಅದೂ ಹಸುಗೂಸೇ. ಜೂನ್–ಜುಲೈನಲ್ಲಿ ಒಂದೂವರೆ ಅಡಿ ಗುಂಡಿ ತೆಗೆದು, ಕೊಟ್ಟಿಗೆ ಗೊಬ್ಬರ ಹಾಕಿ ನೆಡಿ. ಗಿಡದ ಕೆಳಬದಿಗೆ ಅರ್ಧಚಂದ್ರದ ಹಾಗೆ ಚಿಕ್ಕ ಬದು ಕಟ್ಟಿ, ಮಳೆ ನೀರು ಅಲ್ಲೇ ಇಂಗಲಿ. ಮುಚ್ಚಿಗೆಗೆ ರಾಗಿ ಹುಲ್ಲು ಹಾಕಬೇಡಿ, ಅದು ಹಸುವಿನ ಹೊಟ್ಟೆಗೆ. ಮಾವಿನ ತರಗೆಲೆ ಸಾಕು. ಆರು ಅಡಿ ಅಂತರದಲ್ಲಿ 10 ಗುಂಟೆಗೆ ಸುಮಾರು 300 ಕಣಗಿಲೆ ಹಿಡಿಯುತ್ತೆ. ಮಳೆ ನಿಂತ ಮೇಲೆ ವಾರಕ್ಕೊಮ್ಮೆ ಗಿಡಕ್ಕೆ ಒಂದು ಬಿಂದಿಗೆ, 15 ಲೀಟರ್. ಒಟ್ಟು 4,500 ಲೀಟರ್, ವಾರಕ್ಕೆ ಒಂದು ಟ್ಯಾಂಕರ್ ಆಯ್ತು. ಕೃಷಿ ಹೊಂಡ ಇದ್ದರೆ ಅದೂ ಬೇಡ. ದಿನಾ ಸ್ವಲ್ಪ ಸ್ವಲ್ಪ ಕೊಟ್ಟರೆ ಬೇರು ಮೇಲೇ ಉಳಿಯುತ್ತೆ, ಬೇಸಿಗೆಯಲ್ಲಿ ಕೈ ಕೊಡುತ್ತೆ. ಎರಡನೇ ವರ್ಷದಿಂದ ನಾನು ತಿಂಗಳಿಗೆ ಒಂದೆರಡು ಸಲ ಮಾತ್ರ ನೀರು ಬಿಡೋದು. ಯೂರಿಯಾ ಸುರಿದು, ನೀರು ನಿಲ್ಲಿಸಿದರೆ ಎಲೆ ಬರುತ್ತೆ, ಹೂ ಬರಲ್ಲ.

ಕಣಗಿಲೆ ಬಗ್ಗೆ ಇದನ್ನು ದಯವಿಟ್ಟು ಎರಡು ಸಲ ಓದಿ. ಎಲೆ, ಹೂ, ಕಾಂಡ, ಬೇರು, ಎಲ್ಲವೂ ವಿಷ. ನಮ್ಮದು ಹಾಲಿನ ಜಿಲ್ಲೆ, ಮನೆ ಮನೆಯಲ್ಲಿ ಹಸು. ಸವರಿದ ಕೊಂಬೆ ಮೇವಿನ ಹತ್ತಿರ ಬೀಳಬಾರದು, ಮೇವು ಕತ್ತರಿಸುವ ಮೆಷಿನ್‌ಗೆ ಹೋಗಬಾರದು, ಒಲೆಗೂ ಹಾಕಬಾರದು. ಹುಲ್ಲು ಕೊಯ್ಯುವ ಬದುವಿನ ಮೇಲೆ ನೆಡಲೇಬೇಡಿ. 2024ರಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದಕ್ಕೆ ಈ ಹೂ ಬಳಸಬೇಡಿ ಅಂತ ನಿಲ್ಲಿಸಿತು. ಸರಿಯಾಗೇ ಮಾಡಿದರು. ಹಾರಕ್ಕೆ ಕೊಡಿ, ತಟ್ಟೆಗೆ ಬೇಡ. ಚಿಕ್ಕ ಮಕ್ಕಳಿರೋ ಅಂಗಳವಾದರೆ ಕಣಗಿಲೆ ಬಿಟ್ಟು ಗೋರಂಟೆ ನೆಡಿ.

ದುಡ್ಡಿನ ವಿಷಯದಲ್ಲಿ ಸುಳ್ಳು ಹೇಳಲ್ಲ. ಇದು ಟೊಮೆಟೊ ಥರ ಒಂದು ಸೀಸನ್‌ಗೆ ಕಾರು ಕೊಡಿಸಲ್ಲ. ವರಮಹಾಲಕ್ಷ್ಮಿಗೆ ರೇಟು ಏರುತ್ತೆ, ಪಿತೃಪಕ್ಷದಲ್ಲಿ ಕೇಳೋರಿರಲ್ಲ. ಕಣಗಿಲೆ ಮೊಗ್ಗು ಬೆಳಗಾಗೋ ಮುಂಚೆ ಕೀಳಬೇಕು, ಅರಳಿದರೆ ಬೆಲೆ ಬಿತ್ತು. ಆದರೆ ರೇಟು ಬಿದ್ದ ವಾರ ಕೀಳದೆ ಬಿಟ್ಟರೂ ಗಿಡ ಸಾಯಲ್ಲ, ಸಾಲವೂ ಬೆಳೆಯಲ್ಲ. ಅದಕ್ಕೇ ಇಡೀ ಹೊಲ ಬೇಡ, 10 ಗುಂಟೆ ಅಂತ ನಾನು ಹೇಳೋದು. ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲು ಇದೆ ಅಂತ ನೇರ ಕೆ.ಆರ್. ಮಾರ್ಕೆಟ್ ಕನಸು ಕಾಣೋದೂ ಬೇಡ. ಮೊದಲು ಕಮ್ಮಸಂದ್ರದ ಕೋಟಿಲಿಂಗೇಶ್ವರ, ರಾಬರ್ಟ್‌ಸನ್‌ಪೇಟೆಯ ಹೂವಿನ ಅಂಗಡಿಗಳನ್ನು ಕೇಳಿ ನೋಡಿ. ಕಟ್ಟಿದ ಹೂ ಮಾರಿದರೆ ಮೊಳದ ಲೆಕ್ಕದಲ್ಲಿ ನಾಲ್ಕು ಕಾಸು ಜಾಸ್ತಿ.

ಕೆಜಿಎಫ್‌ನಲ್ಲಿ ಹೊಲ ಇಲ್ಲದವರೂ ಕೇಳ್ತಿರ್ತಾರೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಬೆಳಗ್ಗೆ ರೈಲು ಹತ್ತಿ ರಾತ್ರಿ ಮನೆ ಸೇರೋ ಜನ ಅವರು, ದಿನಾ ನೀರು ಕೇಳುವ ಗಿಡ ಸಾಕೋಕೆ ಪುರುಸೊತ್ತಿಲ್ಲ. ಅವರಿಗೆ ಕಾಗದದ ಹೂ ಒಳ್ಳೇದು, ನೀರು ಸ್ವಲ್ಪ ಕಡಿಮೆಯಾದಾಗಲೇ ಅದು ಬಣ್ಣ ತುಂಬಿಕೊಳ್ಳೋದು. ಆದರೆ ಹತ್ತಿರ ಸಿಗುತ್ತೆ ಅಂತ ಸೈನೈಡ್ ದಿಬ್ಬದ ಮರಳು ತಂದು ಕುಂಡಕ್ಕೆ ತುಂಬಬೇಡಿ. ಅದು ಮಣ್ಣಲ್ಲ, ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿ.

ಆ ಹುಡುಗನಿಗೆ ಇಷ್ಟೆಲ್ಲ ಫೋನಲ್ಲಿ ಹೇಳಿದೆ. "ಬೇಲಿ ಗಿಡಾನಾ ಅಣ್ಣಾ?" ಅಂದ, ದನಿ ಸಪ್ಪಗಿತ್ತು. ಭಾನುವಾರ ತೋಟಕ್ಕೆ ಬಂದು ನೋಡಪ್ಪಾ ಅಂದೆ. ಬಂದ. ಹೋಗುವಾಗ ಬೈಕ್ ಹಿಂದೆ ಐವತ್ತು ಕಡ್ಡಿ ಕಟ್ಟಿಕೊಂಡು ಹೋದ. ಬೋರ್ ಲಾರಿಯವರಿಗೆ ಕೊಟ್ಟ ಅಡ್ವಾನ್ಸ್ ವಾಪಸ್ ಬಂತಾ ಅಂತ ನಿನ್ನೆ ಮೆಸೇಜ್ ಹಾಕಿದ್ದೀನಿ, ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.